ಗಾಡಿ ಯಾರಿಗೆ? ಊರಂಚಿನ ಮನೆಯ ಓಡಾಟವನ್ನು ಕೂತು ತೀರ್ಮಾನಿಸುವ ಬಗೆ

ನಮ್ಮ ಮನೆ ಬಾಗಿಲ ಪಕ್ಕ ಎರಡು ಮೊಳೆ ಇವೆ. ಒಂದರಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ಸ್ಕೂಟರ್ ಕೀ. ಮನೆಯಲ್ಲಿ ಐದು ಜನ. ಬೆಳಿಗ್ಗೆ ಏಳು ಗಂಟೆಗೆ ಆ ಮೊಳೆಗಳ ಹತ್ತಿರ ನಡೆಯುವ ಮಾತುಕತೆ ಬಹಳ ಕಾಲ ಒಂದೇ ಥರ ಇತ್ತು. "ಇವತ್ತು ಸ್ಕೂಟರ್ ನನಗೆ ಬೇಕು." "ನಿನ್ನೆನೇ ಹೇಳಬಾರದಿತ್ತಾ?" "ಹಾಗಾದ್ರೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಯಾರು?" ಅಷ್ಟರಲ್ಲಿ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತದೆ. ಮಗನ ಒಂದು ಸಾಕ್ಸ್ ಇನ್ನೂ ಸಿಕ್ಕಿರುವುದಿಲ್ಲ.

ನಾವಿರುವುದು ಬೆಂಗಳೂರಿನ ಅಂಚಿನಲ್ಲಿ, ಚಂದಾಪುರದಿಂದ ಆನೇಕಲ್ ಕಡೆ ಹೋಗುವ ರಸ್ತೆಯ ಒಳಗಿನ ಒಂದು ಲೇಔಟಿನಲ್ಲಿ. ಮುಂಚೆ ಇಲ್ಲಿ ರಾಗಿ ಹೊಲ ಇತ್ತಂತೆ. ಈಗ ಮನೆ ಮೇಲೆ ಮನೆ ಬಂದಿವೆ, ರಸ್ತೆ ಮಾತ್ರ ಹೊಲದ ಕಾಲದ್ದೇ. ಕೆಂಗೇರಿಯ ಆಚೆ, ಯಲಹಂಕದ ಆಚೆ, ಹೊಸಕೋಟೆ, ಸರ್ಜಾಪುರ, ನೆಲಮಂಗಲದ ಸುತ್ತ ಮನೆ ಮಾಡಿದವರಿಗೂ ಇದು ಗೊತ್ತಿರುವ ಕಥೆಯೇ. ಸಿಟಿ ಒಳಗೆ ಮನೆ ಇದ್ದಾಗ ಓಡಾಟ ಅವರವರ ಪಾಡು. ಊರಂಚಿಗೆ ಬಂದ ಮೇಲೆ ಹಾಗಲ್ಲ. ಒಬ್ಬರು ಕಾರು ತೆಗೆದುಕೊಂಡು ಹೋದರೆ ಇನ್ನಿಬ್ಬರ ದಿನ ಬದಲಾಗುತ್ತದೆ.

ನಾವು ಕೊನೆಗೆ ಕೂತು ಇದಕ್ಕೊಂದು ದಾರಿ ಮಾಡಿಕೊಂಡೆವು. ಜಗಳ ಪೂರ್ತಿ ನಿಂತಿಲ್ಲ, ಆದರೆ ಬೆಳಿಗ್ಗೆ ಏಳರಿಂದ ಭಾನುವಾರ ಹತ್ತಕ್ಕೆ ವರ್ಗವಾಗಿದೆ. ನಮ್ಮ ಮನೆಯ ಉದಾಹರಣೆ ಇಟ್ಟುಕೊಂಡೇ ಒಂದೊಂದು ಹೆಜ್ಜೆ ಹೇಳುತ್ತೇನೆ. ನಿಮ್ಮ ಊರು, ನಿಮ್ಮ ಜನ, ನಿಮ್ಮ ಕಿಲೋಮೀಟರ್ ಹಾಕಿಕೊಳ್ಳಿ.

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ಬರೆಯಿರಿ

ಏನನ್ನೂ ಬದಲಾಯಿಸಬೇಡಿ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ಫ್ರಿಜ್ ಮೇಲೆ ಅಂಟಿಸಿ, ಪಕ್ಕದಲ್ಲೇ ಪೆನ್ನು ಕಟ್ಟಿಡಿ (ಕಟ್ಟದಿದ್ದರೆ ಎರಡನೇ ದಿನಕ್ಕೆ ಪೆನ್ನು ಇರುವುದಿಲ್ಲ). ಮನೆಯಿಂದ ಯಾರೇ ಹೊರಗೆ ಹೋಗಲಿ, ಯಾರು, ಎಲ್ಲಿಗೆ, ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ಬಂದರು, ಯಾವುದರಲ್ಲಿ ಹೋದರು ಅಂತ ಬರೆಯಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಆಫೀಸು, ಸ್ಕೂಲು ಬರೆಯುತ್ತಾರೆ, ಸಣ್ಣಪುಟ್ಟದ್ದು ಬಿಡುತ್ತಾರೆ. ಹಾಲು ತರಲು ಹೋಗಿದ್ದು, ಟ್ಯೂಷನ್ನಿಂದ ಮಗನನ್ನು ಕರೆತಂದಿದ್ದು, ಮಾತ್ರೆ ಮುಗಿದಿದೆ ಅಂತ ಮೆಡಿಕಲ್ ಸ್ಟೋರಿಗೆ ಓಡಿದ್ದು, ಬಸ್ ಇಳಿದ ಅತ್ತೆಯನ್ನು ಸರ್ಕಲ್ಲಿಂದ ಕರೆತಂದಿದ್ದು. ಇವು ದಾರಿಯಲ್ಲೇ ಆಗಿಹೋಗುವ ಕೆಲಸ ಅಂತ ಲೆಕ್ಕಕ್ಕೆ ಬರುವುದೇ ಇಲ್ಲ. ಬರೆಯಿರಿ. ಇನ್ನೊಬ್ಬರಿಗಾಗಿ ಹೋಗಿದ್ದರೆ ಪಕ್ಕದಲ್ಲಿ ಒಂದು ಚುಕ್ಕಿ ಇಡಿ.

ನಮ್ಮ ಹಾಳೆ ವಾರದ ಕೊನೆಗೆ ಹೇಳಿದ್ದು ನೋಡಿ. ನಮ್ಮವರ ಆಫೀಸು ವೈಟ್‌ಫೀಲ್ಡ್ ಕಡೆ, ವಾರಕ್ಕೆ ಮೂರು ದಿನ ಹೋಗಬೇಕು. ಹೋಗಿ ಬರುವುದಕ್ಕೆ ದಿನಕ್ಕೆ 3 ಗಂಟೆ 20 ನಿಮಿಷ. ವಾರಕ್ಕೆ 10 ಗಂಟೆ. ನನ್ನ ಆಫೀಸು ಜಯನಗರದ ಕಡೆ, ಐದು ದಿನ. ದಿನಕ್ಕೆ 2 ಗಂಟೆ 40 ನಿಮಿಷ. ವಾರಕ್ಕೆ 13 ಗಂಟೆ 20 ನಿಮಿಷ. ಅದರ ಮೇಲೆ ಚುಕ್ಕಿ ಇಟ್ಟ ಸಣ್ಣ ಓಡಾಟ ಇನ್ನೊಂದು 4 ಗಂಟೆ. ಅಂದರೆ ರಸ್ತೆಯಲ್ಲಿ ಕಳೆದ ಸಮಯ ಅವರದು 10 ಗಂಟೆ, ನನ್ನದು ಹದಿನೇಳು ಮೀರಿತ್ತು. ಆದರೂ ಮನೆಯಲ್ಲಿ ಎಲ್ಲರ ಬಾಯಲ್ಲಿ ಇದ್ದದ್ದು "ಪಾಪ, ಅವನಿಗೆ ದೂರ" ಅನ್ನುವ ಮಾತು. ನಾನೂ ಅದನ್ನೇ ನಂಬಿದ್ದೆ ಅನ್ನಿ. ಕಾರು ಅವರಿಗೆ ಅನ್ನುವುದು ತೀರ್ಮಾನವೇ ಆಗಿರಲಿಲ್ಲ, ತಾನಾಗೇ ಹಾಗೆ ಕೂತುಬಿಟ್ಟಿತ್ತು.

ಈ ಹಾಳೆಯನ್ನು ಜಗಳಕ್ಕೆ ಬಳಸಬೇಡಿ. ನಾನು ಬಳಸಿದೆ, ಒಂದು ಭಾನುವಾರ ಹಾಳಾಯಿತು.

ಎರಡನೇ ಹೆಜ್ಜೆ: ಯಾವ ಸಮಯ ಅಲ್ಲಾಡುವುದಿಲ್ಲ ಅಂತ ಗುರುತು ಮಾಡಿ

ಹಾಳೆಯ ಮೇಲೆ ಎರಡು ಬಣ್ಣ ಬಳಸಿ. ಕೆಂಪು ಅಂದರೆ ಅಲ್ಲಾಡದ್ದು: ಸ್ಕೂಲ್ ಬೆಲ್, ಕಾಲೇಜಿನ ಮೊದಲ ಪೀರಿಯಡ್, ಶಿಫ್ಟ್ ಇರುವವರ ಪಂಚಿಂಗ್, ಡಾಕ್ಟರ್ ಕೂರುವ ಸಮಯ. ಹಸಿರು ಅಂದರೆ ಸ್ವಲ್ಪ ಹಿಂದೆ ಮುಂದೆ ಮಾಡಬಹುದಾದದ್ದು: ತರಕಾರಿ, ಬ್ಯಾಂಕ್ ಕೆಲಸ, ನೆಂಟರ ಮನೆ, ಹೊತ್ತಿನ ಕಟ್ಟು ಇಲ್ಲದ ಆಫೀಸು.

ಇದನ್ನು ಮಾಡುವಾಗ ಪ್ರಶ್ನೆ ಕೇಳಿ. "ಅಲ್ಲಾಡಲ್ಲ" ಅಂದದ್ದೆಲ್ಲ ನಿಜವಾಗಿ ಅಲ್ಲಾಡದ್ದೇನಾ? ನಮ್ಮವರು ಮನೆಯಿಂದ ಕೆಲಸ ಮಾಡುತ್ತಿದ್ದದ್ದು ಸೋಮವಾರ ಮತ್ತು ಶುಕ್ರವಾರ. ಯಾಕೆ ಸೋಮವಾರ ಅಂತ ಕೇಳಿದರೆ ಕಾರಣವೇ ಇರಲಿಲ್ಲ. ಮೊದಲ ವಾರ ಹಾಗೆ ಮಾಡಿದ್ದರು, ಹಾಗೇ ನಡೆದುಕೊಂಡು ಬಂದಿತ್ತು. ಅತ್ತೆಯ ಶುಗರ್ ನೋಡುವ ಡಾಕ್ಟರ್ ಕೂರುವುದು ಮಂಗಳವಾರ ಮತ್ತು ಗುರುವಾರ. ಹಾಗಾಗಿ ಚೆಕಪ್ ದಿನ ಬಂದಾಗಲೆಲ್ಲ ಒಬ್ಬರು ಅರ್ಧ ದಿನ ರಜೆ ಹಾಕಬೇಕಿತ್ತು. ಆ ಒಬ್ಬರು ಯಾರು ಅಂತ ನಾನು ಹೇಳಬೇಕಿಲ್ಲ. ಅವರು ಟೀಮಿನಲ್ಲಿ ಮಾತಾಡಿ ಸೋಮವಾರದ ಬದಲು ಗುರುವಾರ ಮಾಡಿಕೊಂಡರು. ಒಂದು ರೂಪಾಯಿ ಖರ್ಚಿಲ್ಲ. ಗುರುವಾರ ಕಾರೂ ಮನೆಯಲ್ಲಿ, ಓಡಿಸುವವರೂ ಮನೆಯಲ್ಲಿ. ಚೆಕಪ್ ಇಲ್ಲದ ಗುರುವಾರ ತಿಂಗಳ ದಿನಸಿ, ಗ್ಯಾಸ್ ಸ್ಟೌ ರಿಪೇರಿ, ಹೊರಲಾರದ ಭಾರದ ಸಾಮಾನು. ಈಗ ನಮ್ಮ ಮನೆಯಲ್ಲಿ ಗುರುವಾರಕ್ಕೆ ಕಾರಿನ ವಾರ ಅಂತಲೇ ಹೆಸರು.

ಕೆಂಪು ಬಣ್ಣದವರಿಗೆ ಮೊದಲು ದಾರಿ ಮಾಡಿ, ಹಸಿರಿನವರು ಆಮೇಲೆ. ಸಂಬಳ ಜಾಸ್ತಿ ಯಾರಿಗೆ ಅನ್ನುವುದು ಈ ಹಾಳೆಯಲ್ಲಿ ಎಲ್ಲೂ ಬರಬಾರದು. ಬಂದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಮೂರನೇ ಹೆಜ್ಜೆ: ಬಾಗಿಲಿಂದ ಬಾಗಿಲಿಗೆ ಅಳೆಯಿರಿ

ಭಾನುವಾರ ರಾತ್ರಿ ಸೋಫಾ ಮೇಲೆ ಕೂತು ಮ್ಯಾಪ್ ನೋಡಿ "ನಲವತ್ತೈದೇ ನಿಮಿಷ" ಅನ್ನಬೇಡಿ. ಅದು ಭಾನುವಾರ ರಾತ್ರಿಯ ನಲವತ್ತೈದು ನಿಮಿಷ. ಒಂದು ಸೋಮವಾರ, ಒಂದು ಬುಧವಾರ, ಒಂದು ಮಳೆ ಬಂದ ದಿನ, ಈ ಮೂರು ದಿನ ಅಳೆಯಿರಿ. ಚಪ್ಪಲಿ ಹಾಕಿಕೊಂಡಾಗ ಶುರು, ಸೀಟಿನಲ್ಲಿ ಕೂತಾಗ ಮುಕ್ತಾಯ. ನಡೆದದ್ದು, ಕಾದದ್ದು, ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದು, ಲಿಫ್ಟಿಗೆ ನಿಂತದ್ದು ಎಲ್ಲ ಸೇರಬೇಕು. ಮೂರರಲ್ಲಿ ಸರಾಸರಿ ತೆಗೆಯುವ ಬದಲು ಕೆಟ್ಟ ದಿನದ ಲೆಕ್ಕವನ್ನೇ ಹಿಡಿಯಿರಿ. ಮಗುವಿನ ಸ್ಕೂಲ್ ಗೇಟು ಸರಾಸರಿ ನೋಡಿ ಮುಚ್ಚುವುದಿಲ್ಲ.

ನಮ್ಮ ಕಡೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ. ಮೀರಿದ ದಾರಿ, 16 ನಿಲ್ದಾಣ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿಂದ ನೋಡುತ್ತಾ ದಾಟಿದ ಮೊದಲ ದಿನ ನನಗಾದ ಖುಷಿ ಹೇಳತೀರದು. ಇಷ್ಟು ವರ್ಷ ಅಲ್ಲಿ ಕಳೆದ ಸಂಜೆಗಳೆಲ್ಲ ಕೆಳಗೆ ಕಾಣುತ್ತಿದ್ದವು. ಜಯನಗರದ ಕಡೆ ಹೋಗುವ ನನಗೆ, ಬಸವನಗುಡಿ ಕಡೆ ಪಿಯುಸಿ ಓದುವ ಮಗಳಿಗೆ ಇದು ಹೇಳಿ ಮಾಡಿಸಿದ ದಾರಿ.

ಅದೇ ಖುಷಿಯಲ್ಲಿ ನಮ್ಮವರಿಗೂ ಮೆಟ್ರೋದಲ್ಲಿ ಹೋಗಿ ಅಂದೆ. ಅವರು ಒಂದು ದಿನ ಹೋದರು. ಬೊಮ್ಮಸಂದ್ರದಿಂದ ಆರ್.ವಿ. ರಸ್ತೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವೈಟ್‌ಫೀಲ್ಡ್. ನಕ್ಷೆಯಲ್ಲಿ ನೋಡಿದರೆ ಇಡೀ ಬೆಂಗಳೂರಿನ ಪ್ರದಕ್ಷಿಣೆ. ಸಂಜೆ ಬಂದವರು ಚಪ್ಪಲಿ ಬಿಚ್ಚುತ್ತಾ "ಕಡಲೆಕಾಯಿ ಪರಿಷೆ ಒಂದು ನೋಡೋದು ಬಾಕಿ ಇತ್ತು" ಅಂದರು. ದೊಮ್ಮಸಂದ್ರದ ಮೇಲೆ ರಸ್ತೆಯಲ್ಲಿ ಹೋದರೆ ಅವರಿಗೆ ಸುಮಾರು 26 ಕಿ.ಮೀ. ರಸ್ತೆ ಚೆನ್ನಾಗಿಲ್ಲ, ಆದರೂ ಬೇಗ. ಮೆಟ್ರೋ ಇದೆ ಅಂದ ಮಾತ್ರಕ್ಕೆ ಅದು ಮನೆಮಂದಿಗೆಲ್ಲ ಆಗಿಬರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಅಳೆಯಿರಿ.

ಇನ್ನೊಂದು. ರೈಲು ಓಡುವ ಸಮಯದಷ್ಟೇ ಮುಖ್ಯ ಎರಡು ರೈಲಿನ ನಡುವಿನ ಸಮಯ. ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅರ್ಧ ನಿಮಿಷ ತಡವಾದರೆ 25 ನಿಮಿಷ ಕಾಯಬೇಕು. ರೈಲುಗಳು ಹೆಚ್ಚಾದ ಹಾಗೆ ಕಾಯುವುದು ಕಡಿಮೆಯಾಯಿತು. ಬಸ್ಸಿಗೂ ಇದೇ ಮಾತು. ಗಂಟೆಗೆ ಒಂದೇ ಇರುವ ನೇರ ಬಸ್ಸಿಗಿಂತ ಹತ್ತು ನಿಮಿಷಕ್ಕೊಂದು ಸಿಗುವ, ಒಂದು ಸಲ ಇಳಿದು ಹತ್ತುವ ದಾರಿ ಎಷ್ಟೋ ಸಲ ಮೇಲು.

ನಾಲ್ಕನೇ ಹೆಜ್ಜೆ: ಹಣದ ಲೆಕ್ಕ, ಅದರಲ್ಲೂ ಕೊನೆಯ ಐದು ಕಿಲೋಮೀಟರಿನದು

ಕಾರಿನ ಖರ್ಚು ಅಂದರೆ ಪೆಟ್ರೋಲ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮದು ಹೀಗಿದೆ. ದಿನಕ್ಕೆ 52 ಕಿ.ಮೀ., ತಿಂಗಳಿಗೆ 12 ದಿನ, ಒಟ್ಟು 624 ಕಿ.ಮೀ. ಟ್ರಾಫಿಕ್‌ನಲ್ಲಿ ಲೀಟರಿಗೆ 12 ಕಿ.ಮೀ. ಅಂದರೆ 52 ಲೀಟರ್. ಲೀಟರಿಗೆ 103 ರೂ. ಹಿಡಿದರೆ 5,356 ರೂ. ಇನ್ಶೂರೆನ್ಸ್, ಸರ್ವಿಸ್, ಟೈರು ಎಲ್ಲ ವರ್ಷಕ್ಕೆ ಸುಮಾರು 30,000, ಅಂದರೆ ತಿಂಗಳಿಗೆ 2,500. ಇಎಂಐ 11,500. ಒಟ್ಟು 19,000 ದಾಟುತ್ತದೆ. ಹನ್ನೆರಡು ದಿನಕ್ಕೆ ಹಂಚಿದರೆ ಆಫೀಸಿಗೆ ಹೋದ ಒಂದು ದಿನಕ್ಕೆ 1,600 ರೂ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇವತ್ತು ಕಾರು ತೆಗೆಯಬೇಕೋ ಬೇಡವೋ ಅನ್ನುವಾಗ ಇಎಂಐ ಲೆಕ್ಕಕ್ಕೆ ತರಬೇಡಿ. ಕಾರು ನಿಂತಿದ್ದರೂ ಅದು ಹೋಗುತ್ತದೆ. ಇನ್ನೊಂದು ಕಾರು ಕೊಳ್ಳಬೇಕೋ ಬೇಡವೋ ಅನ್ನುವಾಗ ಮಾತ್ರ ಇಎಂಐ ಎಲ್ಲಕ್ಕಿಂತ ಮೇಲೆ ಬರೆಯಿರಿ. ಈ ಎರಡು ಪ್ರಶ್ನೆ ಕಲಸಿಬಿಟ್ಟರೆ "ಹೇಗೂ ಇಎಂಐ ಕಟ್ತಿದೀವಿ, ಓಡಿಸೋಣ" ಅನ್ನುವ ಮಾತು ಗೆಲ್ಲುತ್ತದೆ. ನಮ್ಮ ಮನೆಯಲ್ಲಿ ಎರಡು ವರ್ಷ ಗೆದ್ದಿತ್ತು.

ಈಗ ನನ್ನ ಕಡೆಯ ಲೆಕ್ಕ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದಾಗ ಅತಿ ಹೆಚ್ಚಿನ ಟಿಕೆಟ್ 90 ರೂ. ಆಯಿತು. ನನ್ನ ಪ್ರಯಾಣಕ್ಕೆ ಅಷ್ಟು ಬೀಳುವುದಿಲ್ಲ, ಆದರೂ 90 ಅಂತಲೇ ಹಿಡಿಯೋಣ. ಮನೆಯಿಂದ ಬೊಮ್ಮಸಂದ್ರ ನಿಲ್ದಾಣಕ್ಕೆ 5 ಕಿ.ಮೀ. 2025ರ ಆಗಸ್ಟ್‌ನಿಂದ ಬೆಂಗಳೂರಿನ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18 ರೂ. ಅಂದರೆ 36ಕ್ಕೆ 54 ಸೇರಿಸಿ 90 ರೂ. ನೋಡಿದಿರಾ? ಮೆಟ್ರೋದ ಅತಿ ದುಬಾರಿ ಟಿಕೆಟ್ಟೂ ಐದು ಕಿಲೋಮೀಟರಿನ ಆಟೋವೂ ಒಂದೇ. ದಿನಕ್ಕೆ ಎರಡು ಸಲ, ತಿಂಗಳಿಗೆ 22 ದಿನ ಅಂದರೆ ಬರೀ ಆಟೋಗೇ 3,960 ರೂ. ಅದೂ ಮೀಟರ್ ಹಾಕುವ ಆಟೋ ಸಿಕ್ಕರೆ. ಊರಂಚಿನಲ್ಲಿ ಮೀಟರ್ ಹಾಕುವವರು ಹುಣ್ಣಿಮೆ ಅಮಾವಾಸ್ಯೆಗೊಬ್ಬರು.

ಹಾಗಾಗಿ ನಮ್ಮ ಮನೆಯಲ್ಲಿ ಇತ್ಯರ್ಥವಾಗಬೇಕಿದ್ದದ್ದು ಆ ಐದು ಕಿಲೋಮೀಟರು. ಅಲ್ಲಿಯವರೆಗೆ ಸ್ಕೂಟರ್ ಮನೆಯಲ್ಲೇ ಇರುತ್ತಿತ್ತು, "ಏನಾದ್ರೂ ಅರ್ಜೆಂಟಿಗೆ ಬೇಕು" ಅಂತ. ಲೀಟರಿಗೆ 45 ಕೊಡುವ ಸ್ಕೂಟರಿನಲ್ಲಿ 10 ಕಿ.ಮೀ. ಹೋಗಿ ಬಂದರೆ ಪೆಟ್ರೋಲು 23 ರೂ. ಮಗಳೂ ಹಿಂದೆ ಕೂರುತ್ತಾಳೆ. ನಿಲ್ದಾಣದ ಪಾರ್ಕಿಂಗ್ ದುಡ್ಡು ಸೇರಿಸಿದರೂ ಆಟೋಗೆ ಕೊಡುತ್ತಿದ್ದದ್ದರ ಹತ್ತಿರಕ್ಕೂ ಬರುವುದಿಲ್ಲ. ಸ್ಕೂಟರ್ ನನಗೆ ಅಂತ ತೀರ್ಮಾನವಾಯಿತು. ನೀವು ಲೆಕ್ಕ ಹಾಕುವಾಗ ನಿಮ್ಮ ನಿಲ್ದಾಣದ ಪಾರ್ಕಿಂಗ್ ದರ, ಫೀಡರ್ ಬಸ್ಸಿನ ಹೊತ್ತು, ಶೇರ್ ಆಟೋ ಎಲ್ಲಿ ನಿಲ್ಲುತ್ತದೆ ಈ ಮೂರನ್ನೂ ಹೋಗಿ ನೋಡಿಕೊಂಡು ಬನ್ನಿ. ಫೋನಿನಲ್ಲಿ ನೋಡಿದ್ದು ಸಾಲದು. ದಿನಾ ಮೆಟ್ರೋ ಹತ್ತುವವರು ಸ್ಮಾರ್ಟ್ ಕಾರ್ಡ್ ಮಾಡಿಸಿ, 5% ರಿಯಾಯಿತಿ ಇದೆ. ದಿನಾ ಬಸ್ಸಿನವರಿಗೆ ಬಿಎಂಟಿಸಿ ಮಾಸಿಕ ಪಾಸ್ ಇದೆ. 2025ರ ಜನವರಿಯ ಏರಿಕೆಯ ನಂತರ ಸಾಮಾನ್ಯ ಬಸ್ಸಿನದು 1,200 ರೂ. ಮನೆಯಲ್ಲಿ ಯಾರಾದರೂ ತಿಂಗಳಿಗೆ ಆರು ದಿನ ಮಾತ್ರ ಹೋಗುವುದಾದರೆ ಮಾಸಿಕ ಪಾಸ್ ದಂಡ. 80 ರೂಪಾಯಿಯ ದಿನದ ಪಾಸ್ ಸಾಕು.

ಶಕ್ತಿ ಯೋಜನೆಯ ಲೆಕ್ಕವನ್ನೂ ಬೇರೆ ಬರೆಯಿರಿ

2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಎಸಿ ವಜ್ರ ಬಸ್ಸಿಗೆ ಇದು ಬರುವುದಿಲ್ಲ, ಮೆಟ್ರೋಗೂ ಬರುವುದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ನಮ್ಮ ಮನೆಯಲ್ಲಿ ಇದರಿಂದ ಬಹಳ ಬದಲಾದವರು ಅತ್ತೆ. ಮೊದಲು ಆನೇಕಲ್ಲಿನ ತಂಗಿ ಮನೆಗೆ ಹೋಗಬೇಕಾದರೆ ಮಗನಿಗೆ ಬಿಡುವಾಗಲಿ ಅಂತ ಕಾಯುತ್ತಿದ್ದರು. ಈಗ ತಿಂಡಿ ತಿಂದು, ಬ್ಯಾಗಿನಲ್ಲಿ ಆಧಾರ್ ಇಟ್ಟುಕೊಂಡು ಹೊರಟರೆ ಮಧ್ಯಾಹ್ನ ಫೋನು ಬರುವುದು ಅಲ್ಲಿಂದಲೇ.

ಆದರೆ ನನ್ನ ಒಂದು ಅನುಭವ ಹೇಳಲೇಬೇಕು. ಬಸ್ಸು ಉಚಿತವಾದ ಹೊಸದರಲ್ಲಿ ನಮ್ಮ ಮನೆಯ ಲೆಕ್ಕ ಬಹಳ ಸುಲಭವಾಗಿತ್ತು. "ನಿನಗೆ ಹೇಗೂ ಬಸ್ ಫ್ರೀ ಅಲ್ವಾ?" ಮುಗಿಯಿತು. ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ನಿಂತುಕೊಂಡು ಹೋಗುವ ಒಂದೂ ಮುಕ್ಕಾಲು ಗಂಟೆಗೆ ಯಾರೂ ಬೆಲೆ ಕಟ್ಟಲಿಲ್ಲ. ಟಿಕೆಟ್ ಜೊತೆಗೆ ನನ್ನ ಹೊತ್ತೂ ಉಚಿತವಾಗಿತ್ತು. ಅದಕ್ಕೇ ಹಾಳೆಯಲ್ಲಿ ಹಣ ಒಂದು ಸಾಲು, ನಿಮಿಷ ಇನ್ನೊಂದು ಸಾಲು ಇರಲಿ. ಟಿಕೆಟ್ ಸೊನ್ನೆ ಇದ್ದರೂ ನಿಮಿಷದ ಸಾಲು ಖಾಲಿ ಬಿಡಬಾರದು. ಬಸ್ಸಲ್ಲಿ ಉಳಿಯುತ್ತಿದ್ದ ದುಡ್ಡನ್ನೇ ಮೆಟ್ರೋಗೆ ಕೊಟ್ಟು ದಿನಕ್ಕೆ 50 ನಿಮಿಷ ವಾಪಸ್ ಪಡೆಯುವುದು ನನ್ನ ಪ್ರಕಾರ ಒಳ್ಳೆಯ ವ್ಯಾಪಾರ. ಬೇರೆ ಮನೆಗೆ ಹಾಗೆ ಅನ್ನಿಸದೇ ಇರಬಹುದು. ಎರಡು ಸಾಲೂ ಮುಂದಿದ್ದರೆ ತೀರ್ಮಾನ ಯಾವುದಾದರೂ ಸರಿ.

ಐದನೇ ಹೆಜ್ಜೆ: ಒಟ್ಟಿಗೆ ಕೂರುವುದು

ಭಾನುವಾರ ತಿಂಡಿ ಆದ ಮೇಲೆ ಒಳ್ಳೆಯ ಹೊತ್ತು. ನಲವತ್ತು ನಿಮಿಷ ಸಾಕು. ಮಕ್ಕಳೂ ಕೂರಲಿ, ಹಿರಿಯರೂ ಕೂರಲಿ. ಕಾರು ಓಡಿಸುವವರ ಕೈಗೆ ಪೆನ್ನು ಕೊಡಬೇಡಿ. ನಮ್ಮಲ್ಲಿ ಮಗಳು ಬರೆಯುತ್ತಾಳೆ.

ಹಿರಿಯರನ್ನು "ನಿಮಗೇನು ಬೇಕು" ಅಂತ ನೇರ ಕೇಳಿದರೆ ಉತ್ತರ ಬರುವುದಿಲ್ಲ. "ನಂದೇನಿದೆ ಬಿಡಮ್ಮ, ನಿಮ್ಮ ಅನುಕೂಲ ನೋಡ್ಕೊಳ್ಳಿ" ಅಂತಾರೆ. ಹಾಗಾಗಿ ನಾವು ಬೇರೆ ಥರ ಕೇಳಿದೆವು: ಹೋದ ತಿಂಗಳು ಎಲ್ಲಿಗೆ ಹೋಗಬೇಕು ಅಂದುಕೊಂಡು ಹೋಗಲಿಲ್ಲ? ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ಹೇಳಿದರು. ಒಂದು ಸೀಮಂತ, ಒಂದು ದೇವಸ್ಥಾನ, ಒಂದು ಕಣ್ಣಿನ ಪರೀಕ್ಷೆ. ಕಣ್ಣಿನ ಪರೀಕ್ಷೆ ನಾಲ್ಕು ತಿಂಗಳಿಂದ ಬಾಕಿ ಇತ್ತು. ಹೋಗದೇ ಉಳಿದ ಓಡಾಟ ಹಾಳೆಯಲ್ಲಿ ಕಾಣುವುದೇ ಇಲ್ಲ ಅಂತ ನಮಗೆ ಅವತ್ತೇ ಗೊತ್ತಾದದ್ದು. ಈ ಪ್ರಶ್ನೆಯನ್ನು ಮಕ್ಕಳಿಗೂ ಕೇಳಿ.

ಮಗಳು ಕೇಳಿದ್ದು ಸ್ಕೂಟಿ. ಅವಳಿಗೆ ಹದಿನೇಳು. ಕ್ಲಾಸಿನಲ್ಲಿ ಬಹಳ ಜನ ತರುತ್ತಾರಂತೆ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. 50 ಸಿಸಿ ಮೀರಿದ ಸ್ಕೂಟರಿಗೆ 18 ತುಂಬಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆ ತಾಯಿ ಅಥವಾ ಗಾಡಿಯ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. "ಲೇಔಟ್ ಒಳಗೆ ಮಾತ್ರ" ಅನ್ನುವುದಕ್ಕೆ ರಿಯಾಯಿತಿ ಇಲ್ಲ. ಅವಳು ಮುಖ ಊದಿಸಿಕೊಂಡಳು. ಬದಲಿಗೆ ಒಂದು ಒಪ್ಪಂದವಾಯಿತು: ಬೆಳಿಗ್ಗೆ ನನ್ನ ಜೊತೆ ಸ್ಕೂಟರು, ಮಧ್ಯಾಹ್ನ ಬೊಮ್ಮಸಂದ್ರದಲ್ಲಿ ಇಳಿದು ಬಸ್ಸು. ಬಸ್ಸು ಇಪ್ಪತ್ತು ನಿಮಿಷ ಬರದಿದ್ದರೆ ಕೇಳದೆಯೇ ಆಟೋ ಹತ್ತಬಹುದು. ಅದಕ್ಕೆ ತಿಂಗಳಿಗೆ 500 ರೂ. ಅವಳ ಹತ್ತಿರವೇ ಇರುತ್ತದೆ. ಉಳಿದರೆ ಅವಳದು. ಬಸ್ಸಿಗೆ ಕಾಯುವ ತಾಳ್ಮೆ ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ.

ಕತ್ತಲಾದ ಮೇಲಿನ ಓಡಾಟಕ್ಕೆ ಬೇರೆಯೇ ನಿಯಮ ಬೇಕು. ಹೊಸ ಲೇಔಟುಗಳಲ್ಲಿ ಬೀದಿ ದೀಪ ಅರ್ಧ ಉರಿಯುವುದಿಲ್ಲ, ಖಾಲಿ ಸೈಟಿನಲ್ಲಿ ನಾಯಿಗಳಿರುತ್ತವೆ. ನಮ್ಮಲ್ಲಿ ರಾತ್ರಿ ಎಂಟರ ನಂತರ ಯಾರು ಬಂದರೂ, ಗಂಡಸರಾದರೂ, ಮುಖ್ಯರಸ್ತೆಯಿಂದ ಕರೆತರುವುದು ಮನೆಯಲ್ಲಿರುವವರ ಕೆಲಸ. "ಬೇಡ, ನಡ್ಕೊಂಡು ಬರ್ತೀನಿ" ಅನ್ನುವ ದೊಡ್ಡಸ್ತಿಕೆಗೆ ಅವಕಾಶ ಇಲ್ಲ. ಕರೆತಂದದ್ದಕ್ಕೆ ಹಾಳೆಯಲ್ಲಿ ಚುಕ್ಕಿ.

ಆರನೇ ಹೆಜ್ಜೆ: ಪಕ್ಕದ ಮನೆಯವರನ್ನು ಸೇರಿಸಿಕೊಳ್ಳುವುದು

ಇದು ಸುಲಭ ಅನ್ನಿಸುತ್ತದೆ, ಆದರೆ ಸಂಬಂಧ ಕೆಡುವುದೂ ಇಲ್ಲೇ. ಮಗನ ಸ್ಕೂಲ್ ವ್ಯಾನ್ ಒಂದು ವಾರ ಕೈಕೊಟ್ಟಾಗ ನಮ್ಮ ರಸ್ತೆಯ ನಾಲ್ಕು ಮನೆ ಸೇರಿ ಸರದಿ ಮಾಡಿಕೊಂಡೆವು. ಒಬ್ಬೊಬ್ಬರು ಒಂದೊಂದು ದಿನ ನಾಲ್ಕು ಮಕ್ಕಳನ್ನು ಬಿಡುವುದು. ಮೂರನೇ ದಿನಕ್ಕೇ ಮನಸ್ತಾಪ ಶುರು. ಒಂದು ಮನೆಯ ಮಗು ಯಾವತ್ತೂ ಹತ್ತು ನಿಮಿಷ ತಡ. ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಾ ಓಡಿಸುತ್ತಾರೆ ಅಂತ ಮಕ್ಕಳೇ ಬಂದು ಹೇಳಿದವು.

ಆಮೇಲೆ ನಾವು ಮಾಡಿಕೊಂಡ ನಿಯಮಗಳು ಇವು. ಗಾಡಿ ಮನೆಮನೆಗೆ ಹೋಗುವುದಿಲ್ಲ, ಮಕ್ಕಳು ಲೇಔಟ್ ಗೇಟಿಗೆ 7:40ಕ್ಕೆ ಬರಬೇಕು. ಐದು ನಿಮಿಷ ಕಾಯುತ್ತೇವೆ, ಆಮೇಲೆ ಹೊರಡುತ್ತೇವೆ, ಬೇಜಾರಿಲ್ಲ. ಬರದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಗುಂಪಿನಲ್ಲಿ ಮೆಸೇಜ್. ಎಲ್ಲರಿಗೂ ಸೀಟ್ ಬೆಲ್ಟ್, ತೊಡೆ ಮೇಲೆ ಕೂರಿಸುವುದಿಲ್ಲ. ಓಡಿಸುವಾಗ ಫೋನ್ ಇಲ್ಲ. ಹಣ ಮಾತ್ರ ತಿಂಗಳಿಗೊಮ್ಮೆ, ಪೆಟ್ರೋಲ್ ಎಷ್ಟಾಯಿತೋ ಅಷ್ಟನ್ನೇ ಹಂಚಿಕೊಳ್ಳುವುದು. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಬಾಡಿಗೆ ಆಗುತ್ತದೆ, ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ.

ವ್ಯಾನ್ ಈಗ ಸರಿಹೋಗಿದೆ. ಆದರೂ ಆ ಗುಂಪನ್ನು ನಾವು ಮುಚ್ಚಿಲ್ಲ. ಬಂದ್ ದಿನ, ಮಳೆಯ ದಿನ ಅದೇ ಕೆಲಸಕ್ಕೆ ಬರುತ್ತದೆ. ಸ್ಕೂಲ್ ವ್ಯಾನಿಗೆ ಸೇರಿಸುವವರು ಒಂದು ದಿನ ಹೇಳದೆ ಹೋಗಿ ನೋಡಿ: ಎಷ್ಟು ಸೀಟು, ಎಷ್ಟು ಮಕ್ಕಳು, ಬಾಗಿಲ ಹತ್ತಿರ ಸಹಾಯಕರು ಇದ್ದಾರಾ, ಡ್ರೈವರ್ ತಿಂಗಳು ತಿಂಗಳು ಬದಲಾಗುತ್ತಾರಾ. ಬರೀ ಫೀಸ್ ವಿಚಾರಿಸಿ ಸೇರಿಸಬೇಡಿ.

ಏಳನೇ ಹೆಜ್ಜೆ: ಕೆಟ್ಟ ದಿನದ ಯೋಜನೆ, ಮೂರು ತಿಂಗಳಿಗೊಮ್ಮೆ ಹೊಸ ಹಾಳೆ

ಹಾಳೆಯ ಕೆಳಗೆ ನಾಲ್ಕು ಸಾಲು ಬಿಡಿ. ಮೆಟ್ರೋ ನಿಂತರೆ ಯಾರು ಹೇಗೆ? ಜೋರು ಮಳೆ ಬಂದರೆ? ಕಾರು ಗ್ಯಾರೇಜಿನಲ್ಲಿದ್ದರೆ? ಮಗುವಿಗೆ ಜ್ವರ ಅಂತ ಸ್ಕೂಲಿನಿಂದ ಫೋನ್ ಬಂದರೆ ಬೇಗ ತಲುಪುವವರು ಯಾರು? ಕೊನೆಯ ಪ್ರಶ್ನೆಗೆ ವಾರದ ಒಂದೊಂದು ದಿನಕ್ಕೂ ಒಂದೊಂದು ಹೆಸರು ಬೇಕು. ನಮ್ಮಲ್ಲಿ ಗುರುವಾರ ಶುಕ್ರವಾರ ನಮ್ಮವರು. ಉಳಿದ ಮೂರು ದಿನ ನಾವಿಬ್ಬರೂ ಗಂಟೆಗಟ್ಟಲೆ ದೂರ. ಹಾಗಾಗಿ ಅತ್ತೆಯ ಹೆಸರು, ಜೊತೆಗೆ ಪಕ್ಕದ ಮನೆಯ ಒಬ್ಬರದು. ಸ್ಕೂಲಿಗೂ ಅವರ ಹೆಸರು ಬರೆದುಕೊಟ್ಟು ಬಂದೆವು. ಇಲ್ಲದಿದ್ದರೆ ಅವರು ಹೋದರೂ ಗೇಟಿನಲ್ಲಿ ಮಗುವನ್ನು ಕಳಿಸುವುದಿಲ್ಲ.

ಮೂರು ತಿಂಗಳಿಗೊಮ್ಮೆ ಹಾಳೆ ಹರಿದು ಹೊಸದು ಮಾಡಿ. ಬಸ್ ಮಾರ್ಗ ಬದಲಾಗುತ್ತದೆ, ರಸ್ತೆ ಅಗೆಯುತ್ತಾರೆ, ಸೆಮಿಸ್ಟರ್ ಮುಗಿಯುತ್ತದೆ. 25 ನಿಮಿಷಕ್ಕೊಂದು ರೈಲು ಇದ್ದಾಗ ಮಾಡಿದ ನಮ್ಮ ಮೊದಲ ಹಾಳೆಯಲ್ಲಿ ನಾನು 6:55ಕ್ಕೇ ಹೊರಡಬೇಕಿತ್ತು. ಈಗ ಬೆಳಿಗ್ಗೆ ಕಾಫಿ ಕೂತು ಕುಡಿಯುತ್ತೇನೆ.

ಇನ್ನೂ ಬಾರದ ರೈಲನ್ನು ಹಾಳೆಗೆ ಹತ್ತಿಸಬೇಡಿ

ಊರಂಚಿನಲ್ಲಿ ಸೈಟು ಮಾರುವವರೆಲ್ಲ ಮುಂದೆ ಬರುವ ರೈಲನ್ನು ತೋರಿಸುತ್ತಾರೆ. ಬೆಂಗಳೂರಿನ ಉಪನಗರ ರೈಲಿಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ಆಯಿತು. 148 ಕಿ.ಮೀ., ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರುಗಳು. ಕನಕ ಮಾರ್ಗ ಶುರುವಾಗುವುದು ನಮ್ಮ ಪಕ್ಕದ ಹೀಲಲಿಗೆಯಿಂದ, ರಾಜಾನುಕುಂಟೆಯವರೆಗೆ. ನಮಗೆ ಸೈಟು ತೋರಿಸಿದವರು ಆ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಆಫೀಸಿನ ಗೋಡೆಗೆ ಹಾಕಿದ್ದರು. ಬಂದ ದಿನ ನಾನೇ ಮೊದಲು ಹತ್ತುತ್ತೇನೆ. ಅಲ್ಲಿಯವರೆಗೆ ಹಾಳೆಯಲ್ಲಿ ಇರಬೇಕಾದದ್ದು ಈ ಸೋಮವಾರ ಓಡುವ ರೈಲು, ಈ ಸೋಮವಾರ ಬರುವ ಬಸ್ಸು. ಹೀಲಲಿಗೆಯಲ್ಲಿ ನಿಲ್ಲುವ ಪ್ಯಾಸೆಂಜರ್ ರೈಲುಗಳ ಹೊತ್ತು ನಿಮ್ಮ ಕೆಲಸದ ಹೊತ್ತಿಗೆ ಕೂಡಿ ಬಂದರೆ ಅದೃಷ್ಟ. ತಿಂಗಳ ಸೀಸನ್ ಟಿಕೆಟ್‌ನಷ್ಟು ಅಗ್ಗದ್ದು ಬೇರೆ ಇಲ್ಲ.

ಎರಡನೇ ಕಾರಿನ ಮಾತು ಬಂದಾಗಲೂ ಹೀಗೇ. ಕೊಳ್ಳುವ ಮುಂಚೆ ಒಂದು ತಿಂಗಳು ಪರೀಕ್ಷೆ ಮಾಡಿ. ಕಾರು ಬೇಕಾಗಿತ್ತು, ಇರಲಿಲ್ಲ ಅನ್ನಿಸಿದಾಗಲೆಲ್ಲ ಕ್ಯಾಬ್ ಮಾಡಿ, ಬಿಲ್ಲುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ತಿಂಗಳ ಕೊನೆಗೆ ಕೂಡಿಸಿ, ಹೊಸ ಕಾರಿನ ಇಎಂಐ ಪಕ್ಕ ಇಟ್ಟು ನೋಡಿ. ನಮ್ಮ ಡಬ್ಬಿಯಲ್ಲಿ ಒಂಬತ್ತು ಬಿಲ್ಲು ಇದ್ದವು, ಒಟ್ಟು 3,400 ರೂ. ಚಿಲ್ಲರೆ. ಅದರಲ್ಲಿ ನಾಲ್ಕು ಮಳೆಯವು, ಎರಡು ಮದುವೆಯವು. ಹೊಸ ಕಾರಿನ ಮಾತು ಅಲ್ಲಿಗೆ ಮುಗಿಯಿತು.

ಈ ವಾರದ ಹಾಳೆ ಈಗ ಫ್ರಿಜ್ ಮೇಲಿದೆ. ಗುರುವಾರದ ಚೌಕದಲ್ಲಿ ಮಗಳು "ಅಜ್ಜಿ, ಕಣ್ಣು, 10:30, ಅಪ್ಪ, ಕಾರು" ಅಂತ ಬರೆದಿದ್ದಾಳೆ. ಅದರ ಕೆಳಗೆ ಅತ್ತೆ ತಮ್ಮ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: "ಬರುತ್ತಾ ದೇವಸ್ಥಾನ. ನನ್ನನ್ನು ಅಲ್ಲೇ ಬಿಟ್ಟು ಬರಲಿ, ಬಸ್ಸಿನಲ್ಲಿ ಬರುತ್ತೇನೆ."